ಸವೆದಿದ್ದರೂ ಮತ್ತೆ ಹಾಕಬಹುದಾದ ಭಾಗಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸಣ್ಣ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿ ಕಟ್ಟುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಒಳಭಾಗಗಳ ಪಟ್ಟಿಯಲ್ಲಿ ಮೂರು ಕಾಲಂ ಇವೆ: ಸವೆದಿದ್ದರೂ ಮಿತಿಯೊಳಗೇ ಇರುವುದು, ಲೇತ್‌ಗೋ ಗ್ರೈಂಡಿಂಗ್‌ಗೋ ಕೊಟ್ಟು ಉಳಿಸಿಕೊಳ್ಳಬಹುದಾದದ್ದು, ಎಸೆಯಲೇಬೇಕಾದದ್ದು. ಕೊನೆಯದು ಸುಲಭ. ರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್ ಯೋಚನೆಯೇ ಬೇಡ, ಹೊಸದೇ ಹಾಕಬೇಕು. ತೊಡಕಿರುವುದು ಮೊದಲನೆಯದರಲ್ಲಿ. 'ಮರುಬಳಸಬಲ್ಲ ಭಾಗ' ಅಂತ ಬರೆದಿದ್ದೇನೆ, ಕಿವಿಗೆ ಒಗ್ಗುತ್ತಿಲ್ಲ. 'ಸವೆತದ ಮಿತಿ'ಯೋ 'ಸವಕಳಿಯ ಮಿತಿ'ಯೋ, ಅದನ್ನೂ ಹೇಳಿ.

ಉತ್ತರ 1

ಒಗ್ಗಬಾರದು ಕೂಡ. 'ಓದಬಲ್ಲ ಹುಡುಗಿ' ಸರಿ. 'ಓದಬಲ್ಲ ಪುಸ್ತಕ' ಅಂದರೆ ಓದೋದು ಪುಸ್ತಕವೇ ಆಯ್ತು. ಪಿಸ್ಟನ್ ಏನನ್ನು ಬಳಸಬಲ್ಲದು? 'ಬಳಸಬಹುದಾದ' ಅನ್ನಿ. ಇನ್ನು ಸವಕಳಿಯನ್ನು ಲೆಕ್ಕಪತ್ರದವರು ಬೆಲೆ ಇಳಿಕೆಗೆ ಹಿಡಿದುಕೊಂಡಿದ್ದಾರೆ. ಲೋಹಕ್ಕೆ ಸವೆತವೇ ಸಾಕು.

ಉತ್ತರ 2

ಪಿಸ್ಟನ್, ಲೈನರ್, ಬೇರಿಂಗ್ ಎಲ್ಲ ಹಾಗೇ ಇಟ್ಟುಕೊಂಡು ಒಂದು 'ಬಲ್ಲ'ಕ್ಕೆ ಇಷ್ಟು ಮಾತೇ? 'ಮಿತಿ' ಕೂಡ ಎರವಲು. 'ಎಲ್ಲೆ' ನಮ್ಮದೇ ಅಲ್ವಾ? 'ಸವೆತದೆಲ್ಲೆ' ಅನ್ನಿ. ಪಿಸ್ಟನ್‌ಗೆ 'ಆಡುಬೆಣೆ' ಆಗುತ್ತೆ. ಎಲ್ಲವನ್ನೂ ಎರವಲು ತರುವುದಾದರೆ ಅನುವಾದ ಯಾಕೆ?

ಉತ್ತರ 3

ಆಡುಬೆಣೆ ಬೇಡ. ಅಂಗಡಿಯಲ್ಲಿ ಕೇಳಿದರೆ ಸಿಗದ ಹೆಸರನ್ನು ಕೈಪಿಡಿಗೆ ಹಾಕಬಾರದು.

ಎರವಲು ಪದಕ್ಕೆ ಹೆದರಬೇಕಿಲ್ಲ. ಸಿಲಿಂಡರ್ ಸವೆದು ಮತ್ತೆ ಕೊರೆಸಬೇಕಾದಾಗ 'ಇಂಜಿನ್ ಬೋರಿಗೆ ಬಂದಿದೆ' ಅನ್ನುತ್ತಾರೆ, ಬೆಳೆ ಕೊಯ್ಲಿಗೆ ಬಂದ ಹಾಗೆ. ಬೋರ್ ಹೊರಗಿನದು, ಮಾತಿನ ಕಟ್ಟು ಪೂರ್ತಿ ಕನ್ನಡ. ನಾವು ಕಾಯಬೇಕಾದದ್ದು ಆ ಕಟ್ಟನ್ನು.

ಕೇಳಿದವರಿಗೆ ನನ್ನ ಮಾತು ಇಷ್ಟು. 'ಮರುಬಳಕೆ' ಸುಮ್ನೆ ಬಂದ ಪದ. ಬಾಟಲಿಯನ್ನು ಯಾವುದಕ್ಕೆ ಬೇಕಾದರೂ ಮರುಬಳಸಬಹುದು, ಇಂಜಿನ್ ಭಾಗವನ್ನು ಹಾಗೆ ಮಾಡೋಕಾಗಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ತುದಿಗೆ ಬೋಲ್ಟ್ ಹಾಕಿ ಕೂರಿಸುವ ಕ್ಯಾಪ್ ನೋಡಿ. ಎರಡನ್ನೂ ಕೂಡಿಸಿಯೇ ತೂತು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ, ಅಥವಾ ತಿರುಗುಮುರುಗಾಗಿ ಹಾಕಿದರೆ, ದುಂಡು ತಪ್ಪುತ್ತದೆ. ಅದಕ್ಕೇ ಬಿಚ್ಚುವಾಗಲೇ ಗುರುತು ಹಾಕಿಕೊಳ್ಳೋದು. ಕ್ಯಾಮ್ ಉಬ್ಬಿನ ತಳ್ಳನ್ನು ವಾಲ್ವ್ ಕಡೆಗೆ ಮುಟ್ಟಿಸುವ ಟ್ಯಾಪೆಟ್ ಕೂಡ ಹಾಗೆಯೇ. ತಾನು ಸವೆದು ಹೊಂದಿಕೊಂಡ ಕ್ಯಾಮ್ ಉಬ್ಬಿನ ಮೇಲೆಯೇ ಅದು ಕೂರಬೇಕು. ಅಂದರೆ ಅದೇ ಭಾಗ, ಅದೇ ಜಾಗ. ಇಷ್ಟನ್ನೂ ಹೇಳೋಕೆ ನಮಗೆ ಒಂದು 'ಏ' ಸಾಕು: 'ಅದನ್ನೇ ಹಾಕಿ'.

ಎರಡನೆಯ ಕಾಲಂಗೆ 'ಸರಿಮಾಡಿಸಿ ಹಾಕಿ'. 'ಮಾಡಿ' ಅಲ್ಲ, 'ಮಾಡಿಸಿ'. ಕ್ರ್ಯಾಂಕ್ ಜರ್ನಲ್, ಅಂದರೆ ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕಿನ ದುಂಡು ಭಾಗ, ಅದರ ಮೇಲೆ ಉಗುರು ಎಳೆಯಿರಿ. ಗೆರೆಗೆ ಉಗುರು ಸಿಕ್ಕಿಕೊಂಡರೆ ಅದು ಗ್ರೈಂಡಿಂಗ್‌ಗೆ ಹೋಗಬೇಕು. ಉಗುರು ಜಾರಿದರೂ ಮೈಕ್ರೋಮೀಟರ್ ಇಟ್ಟು ಎರಡು ದಿಕ್ಕಿನಲ್ಲಿ ಅಳೆಯಬೇಕು. ಅಳತೆ ಬೇರೆ ಬೇರೆ ಬಂದಷ್ಟೂ ದುಂಡು ತಪ್ಪಿದೆ ಅಂತ. ಗ್ರೈಂಡ್ ಆದ ಮೇಲೆ ಜರ್ನಲ್ ಸಣ್ಣದಾಗುವುದರಿಂದ ಅದಕ್ಕೆ ಹೊಂದುವ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಬೇಕು. ಈ ಕೆಲಸ ಮನೆಯಲ್ಲಿ ಆಗೋದಲ್ಲ, ಬೇರೆಯವರ ಕೈಯಲ್ಲಿ ಮಾಡಿಸೋದು. ಓದುವವರಿಗೆ ಅದನ್ನು 'ಇಸು' ಒಂದೇ ತಿಳಿಸುತ್ತದೆ.

ಮೂರನೆಯದು 'ಹೊಸದು ಹಾಕಿ'. ನಾಮಪದ ಹುಡುಕೋದು ಬಿಡಿ. ಕೈಯಲ್ಲಿ ಸ್ಪ್ಯಾನರ್ ಹಿಡಿದವರಿಗೆ ಬೇಕಾದದ್ದು ಕ್ರಿಯಾಪದ.

ಉತ್ತರ 2 ಬರೆದವರಿಂದ

'ಏ' ಬಗ್ಗೆ ಒಪ್ಪಿದೆ. 'ಮಿತಿ' ಬಗ್ಗೆ ಒಪ್ಪಿಲ್ಲ, ಒಪ್ಪೋದೂ ಇಲ್ಲ.

ಕೇಳಿದವರಿಂದ

ಮೂರೂ ತಲೆಬರಹ ಬದಲಾಯಿಸಿದೆ. ತುಂಬ ಉಪಕಾರವಾಯ್ತು. 'ಸವೆತದ ಮಿತಿ' ಹಾಗೇ ಇಟ್ಟಿದ್ದೇನೆ, ಬೇಸರ ಬೇಡ. ಇನ್ನೊಂದು ಉಳಿದಿದೆ. ವಾಲ್ವ್ ಕಡ್ಡಿ ಜಾರುವ ಕೊಳವೆ, ಅಂದರೆ ವಾಲ್ವ್ ಗೈಡ್‌ನಲ್ಲಿ ವಾಲ್ವ್ ಅಲ್ಲಾಡುತ್ತದಲ್ಲ, ಅದಕ್ಕೆ 'ಸಡಿಲ' ಅನ್ನಲೋ, 'ಆಟ' ಅನ್ನಲೋ? ರಾತ್ರಿಯೊಳಗೆ ಹೇಳಿದರೆ ಅನುಕೂಲ.