ರೆಕಾರ್ಡ್ಸ್ ಸೆಕ್ಷನ್‌ಗೆ ಎಷ್ಟು ಜನ ಬೇಕು?

ಪ್ರಶ್ನೆ: ನಮಸ್ತೆ ಸರ್. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ರೆಕಾರ್ಡ್ಸ್ ನೋಡಿಕೊಳ್ಳುತ್ತೇನೆ. ನಾನೂ ಸೇರಿ 3 ಜನ. ದಿನಕ್ಕೆ ಸರಾಸರಿ 40 ಡಿಸ್ಚಾರ್ಜ್ ಫೈಲ್ ಬರುತ್ತವೆ. ಜನ ಸಾಲುವುದಿಲ್ಲ ಅಂದರೆ ಮ್ಯಾನೇಜ್‌ಮೆಂಟ್‌ನವರು "ಲೆಕ್ಕ ಕೊಡಿ" ಅನ್ನುತ್ತಾರೆ. ಹೇಗೆ ಕೊಡುವುದು?

ಉತ್ತರ: ಮೇಡಂ, ಸುಮ್ನೆ "ಕೆಲಸ ಜಾಸ್ತಿ ಉಂಟು" ಅಂತ ಬರೆದರೆ ಯಾರೂ ಓದುವುದಿಲ್ಲ. ನಿಮಿಷದ ಲೆಕ್ಕ ಕೊಡಿ. ಕೆಲಸದ ಹೊರೆ ನೋಡಿ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವ, ವಿಶ್ವ ಆರೋಗ್ಯ ಸಂಸ್ಥೆಯ 'ವಿಸ್ನ್' (WISN) ವಿಧಾನ ಇರುವುದೇ ಇದಕ್ಕೆ. ಅದರ ಪರಿಷ್ಕೃತ ಕೈಪಿಡಿ 2010ರಲ್ಲಿ ಬಂತು.

ಒಬ್ಬರು ವರ್ಷದಲ್ಲಿ ನಿಜವಾಗಿ ಎಷ್ಟು ಹೊತ್ತು ಕೆಲಸಕ್ಕೆ ಸಿಗುತ್ತಾರೆ? ಎಲ್ಲರೂ ಎಡವುವುದು ಇಲ್ಲೇ. 365ರಲ್ಲಿ ಭಾನುವಾರ 52, ಹಬ್ಬದ ರಜೆ, ಸಿಎಲ್, ಇಎಲ್, ಸಿಕ್ ಲೀವ್ ಎಲ್ಲ ಸೇರಿ 43 ಹೋಯಿತು ಅಂತಿಟ್ಟುಕೊಳ್ಳಿ. ಉಳಿದದ್ದು 270 ದಿನ. (ಊರಿನ ದೈವದ ನೇಮಕ್ಕೆ ಹಾಕುವ ರಜೆಯನ್ನೂ ಬಿಡಬೇಡಿ ಮಾರಾಯ್ರೆ!) ಊಟ, ಚಾ ಬಿಟ್ಟು ದಿನಕ್ಕೆ 7 ಗಂಟೆ. ಅಂದರೆ 1,890 ಗಂಟೆ, 1,13,400 ನಿಮಿಷ.

ಇನ್ನು ಫೈಲ್. ಹಾಳೆ ಜೋಡಿಸಿ, ಡಾಕ್ಟರ ಸಹಿ ಬಿಟ್ಟುಹೋಗಿದೆಯಾ ನೋಡಿ, ಐಸಿಡಿ ಕೋಡ್ (ಕಾಯಿಲೆಗೆ ಕೊಡುವ ಅಂತರರಾಷ್ಟ್ರೀಯ ಸಂಕೇತ) ಹಾಕಿ, ಕಂಪ್ಯೂಟರಿಗೆ ಏರಿಸಿ ರ‍್ಯಾಕಿನಲ್ಲಿ ಇಡಲು 25 ನಿಮಿಷ ಹಿಡಿಯೋಣ. ವರ್ಷದ 14,600 ಫೈಲಿಗೆ 3,65,000 ನಿಮಿಷ. ಅದನ್ನು ಒಬ್ಬರ 1,13,400 ನಿಮಿಷದಿಂದ ಭಾಗಿಸಿದರೆ 3.22 ಜನ.

ಇಲ್ಲಿಗೇ ನಿಲ್ಲಿಸಬೇಡಿ. ಇನ್ಶೂರೆನ್ಸ್‌ನವರಿಗೆ ಕಾಪಿ, ಪೊಲೀಸ್ ಕೇಸಿನ ಫೈಲ್, ವಾರ್ಡಿಗೆ ಓಡಾಟ ಅಂತ ಎಲ್ಲರ ಹೊತ್ತಿನಲ್ಲೂ ಶೇ. 20 ಹೋಗುತ್ತದಾ? ಹಾಗಾದರೆ ಫೈಲಿಗೆ ಉಳಿಯುವುದು ಶೇ. 80 ಹೊತ್ತು ಮಾತ್ರ; ಮೇಲಿನದ್ದಕ್ಕೆ ಶೇ. 20 ಕೂಡಿಸುವುದಲ್ಲ, 0.80ರಿಂದ ಭಾಗಿಸಬೇಕು. 4.02 ಬಂತು. ಮೀಟಿಂಗ್, ತಿಂಗಳ ರಿಪೋರ್ಟ್ ಅಂತ ನಿಮ್ಮೊಬ್ಬರದೇ ವರ್ಷಕ್ಕೆ 450 ಗಂಟೆ ಇದ್ದರೆ ಇನ್ನೊಂದು 0.24. ಒಟ್ಟು 4.26.

ಪ್ರಶ್ನೆ: ಹಾಗಾದರೆ 5 ಜನ ಬೇಕು ಅಂತ ಕೇಳಬಹುದು, ಅಲ್ವಾ?

ಉತ್ತರ: ಬೇಡ. ವಿಸ್ನ್‌ನಲ್ಲಿ 4.4ರವರೆಗೆ 4 ಅಂತಲೇ ಹಿಡಿಯುತ್ತಾರೆ. ಇನ್ನೊಬ್ಬರು ಬೇಕು ಅಂತ ಕೇಳಿ, ಗಟ್ಟಿಯಾಗಿ ಕೇಳಿ. ಇರುವ 3ನ್ನು 4.26ರಿಂದ ಭಾಗಿಸಿದರೆ 0.70, ಅಂದರೆ ಬೇಕಾದ ಜನರಲ್ಲಿ ಶೇ. 70 ಮಾತ್ರ ಇದ್ದಾರೆ. ಈ ಅಂಕಿಯನ್ನು ಪತ್ರದ ಮೊದಲ ಸಾಲಿನಲ್ಲೇ ಹಾಕಿ.

ಇನ್ನೊಬ್ಬರ ಪ್ರಶ್ನೆ: ಒಂದು ಫೈಲಿಗೆ ಎಷ್ಟು ನಿಮಿಷ ಅಂತ ಟೈಮ್ ನೋಡಲು ನಿಂತರೆ ನಮ್ಮ ಹುಡುಗಿಯರು ಹೆದರಿ ಬೇಗ ಬೇಗ ಮುಗಿಸುತ್ತಾರೆ ಸರ್.

ಉತ್ತರ: ವಾಚ್ ಹಿಡಿದು ನಿಂತರೆ ಹಾಗೇ ಆಗುವುದು. ಕೆಲಸ ಚೆನ್ನಾಗಿ ಗೊತ್ತಿರುವವರನ್ನು ಕೂರಿಸಿಕೊಂಡು, ಸರಿಯಾಗಿ ಮಾಡಿದರೆ ಎಷ್ಟು ಹೊತ್ತು ಬೇಕು ಅಂತ ಒಟ್ಟಿಗೆ ತೀರ್ಮಾನಿಸಿ. ದಪ್ಪ ಐಸಿಯು ಫೈಲಿಗೂ ಡೇ ಕೇರ್ ಫೈಲಿಗೂ ಬೇರೆ ಬೇರೆ ಟೈಮ್ ಇಡಿ. ಫೈಲಿನ ಲೆಕ್ಕ ಮಾತ್ರ ಇಡೀ ವರ್ಷದ್ದೇ ತೆಗೆಯಿರಿ. ಬರೀ ಜನವರಿಯದ್ದು ತೆಗೆದರೆ ಮಳೆಗಾಲದ ಡೆಂಗಿ, ಮಲೇರಿಯಾ ಕೇಸುಗಳು ಲೆಕ್ಕಕ್ಕೇ ಬರುವುದಿಲ್ಲ.