ಬಸ್ಸನ್ನೇ ಮನೆ ಮಾಡಿಕೊಂಡವರು ಟೋಯಿಂಗ್‌ಗೆ ಯಾವ ಪ್ಲಾನ್ ತೆಗೆದುಕೊಂಡಿದ್ದೀರಿ?

ಸಾಗರದವಳು (ಟೆಂಪಿ, ಅರಿಝೋನಾ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಗಂಡನೂ ಸೇರಿ ಎಂಸಿಐ ಕಂಪನಿಯ ಹಳೆಯ ಬಸ್ಸೊಂದನ್ನು ಮನೆ ಮಾಡಿಕೊಂಡಿದ್ದೇವೆ. ಅದು ದಾರಿಯಲ್ಲಿ ಕೆಟ್ಟು ನಿಂತರೆ ಎಳೆಸಿಕೊಂಡು ಹೋಗೋಕೆ, ಅಂದರೆ ಟೋಯಿಂಗ್‌ಗೆ, ಒಂದು ಪ್ಲಾನ್ ಹುಡುಕ್ತಿದ್ದೇವೆ. ಎಂಸಿ-9, 1984ರ ಮಾಡೆಲ್. ನಲವತ್ತು ಅಡಿ ಉದ್ದ, ಮೂರು ಆಕ್ಸಲ್. ಹಿಂದೆ ಡೆಟ್ರಾಯಿಟ್ 8ವಿ71 ಎಂಜಿನ್, ಆಲಿಸನ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲ ಕೂರಿಸಿದ ಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ ಒಯ್ದು ತೂಗಿಸಿದೆವು. 33,000 ಪೌಂಡ್ ಬಂತು, ಅಂದರೆ ಹೆಚ್ಚುಕಮ್ಮಿ 15 ಟನ್. ಟೈಟಲ್ ಪೇಪರಿನಲ್ಲಿ (ಬಸ್ಸಿನ ಒಡೆತನದ ದಾಖಲೆ) ಈಗ ಮೋಟರ್ ಹೋಮ್ ಎಂದೇ ಇದೆ. ಹಿಂದುಗಡೆ ನಮ್ಮ ಹೋಂಡಾ ಸಿಆರ್‌ವಿ ಕಾರನ್ನು ಕಟ್ಟಿಕೊಂಡು ಹೋಗುವ ಯೋಚನೆ.

ಮೊದಲು ಐ-17 ಹೆದ್ದಾರಿ ಹಿಡಿದು ಫ್ಲ್ಯಾಗ್‌ಸ್ಟಾಫ್, ಅಲ್ಲಿಂದ ಯೂಟಾ, ಆಮೇಲೆ ಕೊಲರಾಡೋ. ಫೀನಿಕ್ಸ್ ಇರೋದು ಸುಮಾರು 1,100 ಅಡಿ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ. ಅಷ್ಟು ಏರಿಗೆ ನಲವತ್ತು ವರ್ಷದ ಎಂಜಿನ್ ಬಿಸಿಯಾಗಿ ನಿಂತರೆ ಏನು ಗತಿ ಅನ್ನೋದು ನನ್ನ ಚಿಂತೆ. ಈ ಸಲ ಅಮ್ಮನೂ ಊರಿಂದ ಬರ್ತಿದ್ದಾರೆ. ಅವರಿಗೆ ಮಂಡಿನೋವು. ಬಿಸಿಲಲ್ಲಿ ರಸ್ತೆ ಪಕ್ಕ ಅವರನ್ನು ಗಂಟೆಗಟ್ಟಲೆ ಕೂರಿಸೋಕೆ ನನಗೆ ಮನಸ್ಸು ಒಪ್ಪಲ್ಲ.

ಇನ್ಶೂರೆನ್ಸ್ ಏಜೆಂಟ್ ಪಾಲಿಸಿಗೇ ರೋಡ್‌ಸೈಡ್ (ದಾರಿಯಲ್ಲಿ ಕೆಟ್ಟು ನಿಂತಾಗಿನ ನೆರವು) ಸೇರಿಸಿಕೊಳ್ಳಿ, ಕಡಿಮೆಗೆ ಆಗುತ್ತೆ ಅಂತಾನೆ. ಪಕ್ಕದ ಮನೆಯವರು ವಾಹನ ಮಾಲೀಕರ ಕ್ಲಬ್ ಎಎಎ ಸಾಕು ಅಂತಾರೆ. ಇನ್ನು ಕೆಲವರು ಗುಡ್ ಸ್ಯಾಮ್, ಕೋಚ್-ನೆಟ್ ಎಂಬ ಪ್ಲಾನುಗಳು ಅಂತಾರೆ. ಒಂದರಲ್ಲಿ ನೂರು ಮೈಲಿ, ಇನ್ನೊಂದರಲ್ಲಿ ಮೈಲಿ ಮಿತಿಯೇ ಇಲ್ಲ. ಯಾವುದನ್ನು ನೋಡಿ ಆರಿಸಬೇಕು? ನಿಜವಾಗಿ ಬಸ್ಸು ಇಟ್ಟುಕೊಂಡವರು ದಯವಿಟ್ಟು ಹೇಳಿ.

ಹಳೇಬಸ್ಸು (ಸ್ಯಾನ್ ಆಂಟೋನಿಯೋ, ಟೆಕ್ಸಾಸ್)

ಸಾಗರದವರೇ, ಮೈಲಿ ಲೆಕ್ಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫೋನ್ ಮಾಡಿದರೆ ಯಾವ ಗಾಡಿ ಬರುತ್ತೆ ಅನ್ನೋದೇ ಮೊದಲ ಪ್ರಶ್ನೆ. ನಿಮ್ಮ ಬಸ್ಸನ್ನು ಎತ್ತೋಕೆ ಹೆವಿ ಡ್ಯೂಟಿ ರೆಕ್ಕರ್ ಬೇಕು. ದೊಡ್ಡ ಲಾರಿಗಳನ್ನು ಎಳೀತಾರಲ್ಲ, ಅದು. ಮೈಲಿಗೆ ಮಿತಿಯಿಲ್ಲ ಅಂತ ಬರೆದುಕೊಂಡ ಪ್ಲಾನಿಗೂ ನಿಮ್ಮ ಊರಿನ ಸುತ್ತ ಆ ಗಾಡಿ ಇರುವವರ ಜೊತೆ ಒಪ್ಪಂದ ಇಲ್ಲದಿದ್ದರೆ ಏನು ಉಪಯೋಗ?

ನನ್ನ ಗೆಳೆಯರ ಪ್ರಿವೋಸ್ಟ್ ಬಸ್ಸು ಒಂದು ಮಧ್ಯಾಹ್ನ ಐ-40ಯಲ್ಲಿ, ಅಮರಿಲ್ಲೋ ದಾಟಿದ ಮೇಲೆ ನಿಂತುಬಿಟ್ಟಿತು. ಕಾಲ್ ಸೆಂಟರಿನಲ್ಲಿದ್ದವರು ಏನು ಗಾಡಿ ಅಂತ ಕೇಳಿದರು, ಇವರು ಮೋಟರ್ ಹೋಮ್ ಅಂದರು. ಅವರು ಅಷ್ಟನ್ನೇ ಟೈಪ್ ಮಾಡಿಕೊಂಡರು. ಎರಡು ಗಂಟೆ ಕಾದ ಮೇಲೆ ಬಂದದ್ದು ಪಿಕಪ್ ಟ್ರಕ್ ಹೇರುವ ಫ್ಲಾಟ್‌ಬೆಡ್. ಡ್ರೈವರ್ ಇಳಿದು ಬಸ್ಸಿನ ಮುಂದಿನಿಂದ ಹಿಂದಿನ ತನಕ ಒಮ್ಮೆ ನಡೆದು ನೋಡಿ, ಸಾರಿ ಅಂತ ಹೇಳಿ ವಾಪಸ್ ಹೋದ. ಮತ್ತೆ ಫೋನು, ಮತ್ತೆ ಕಾಯೋದು. ಹಾಗಾಗಿ ಫೋನಿನಲ್ಲಿ ಮೋಟರ್ ಹೋಮ್ ಅಂತ ಮಾತ್ರ ಹೇಳಿ ಬಿಡಬೇಡಿ. ನಲವತ್ತು ಅಡಿಯ ಪ್ಯಾಸೆಂಜರ್ ಬಸ್ಸು, 33,000 ಪೌಂಡ್, ಮೂರು ಆಕ್ಸಲ್, ಏರ್ ಬ್ರೇಕ್, ಎಂಜಿನ್ ಹಿಂದೆ. ಇಷ್ಟನ್ನೂ ಅವರ ಬಾಯಿಂದ ವಾಪಸ್ ಹೇಳಿಸಿ.

ದುಡ್ಡು ಕಟ್ಟುವ ಮೊದಲೇ ಇದೇ ವಿವರ ಹಾಕಿ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಬಸ್ಸಿನ ವಯಸ್ಸನ್ನೂ ಬರೆಯಿರಿ. ಕನ್ವರ್ಷನ್, ಅಂದರೆ ಬಸ್ಸನ್ನು ಮನೆಯಾಗಿಸುವ ಕೆಲಸ, ಮಾಡಿದವರು ಯಾರು, ಕಂಪನಿಯೋ ನೀವೇ ಮನೆಯಲ್ಲೋ, ಅದನ್ನೂ ಬರೆಯಿರಿ. ಕೆಲವರು ಮನೆಯಲ್ಲಿ ಮಾಡಿದ ಬಸ್ಸುಗಳನ್ನು ತೆಗೆದುಕೊಳ್ಳೋದೇ ಇಲ್ಲ. ಸೇಲ್ಸ್‌ನವರು ಫೋನಿನಲ್ಲಿ ಆಗುತ್ತೆ ಆಗುತ್ತೆ ಅಂತಾರೆ, ಕ್ಲೇಮ್ ನೋಡುವವರು ಬೇರೆ. ಟೈಟಲ್‌ನಲ್ಲಿ ಮೋಟರ್ ಹೋಮ್ ಅಂತ ಆಗಿರೋದು ನಿಮಗೆ ದೊಡ್ಡ ಅನುಕೂಲ. ಅದರ ಕಾಪಿಯನ್ನು ಇಮೇಲ್ ಜೊತೆಗೇ ಕಳಿಸಿ.

ಈಗ ಏಜೆಂಟ್ ಹೇಳಿದ ಮಾತು. ಪಾಲಿಸಿಗೆ ಸೇರಿಸುವ ರೋಡ್‌ಸೈಡ್‌ನಲ್ಲಿ ಮಿತಿ ಡಾಲರ್‌ನಲ್ಲಿದೆಯಾ ಮೈಲಿಯಲ್ಲಿದೆಯಾ ಕೇಳಿ. ಡಾಲರ್‌ನಲ್ಲಿದ್ದರೆ ನಮ್ಮಂಥವರಿಗೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ. ಹೆವಿ ರೆಕ್ಕರ್ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುತ್ತೆ, ಅದೂ ಅವರ ಯಾರ್ಡ್ ಬಿಟ್ಟಲ್ಲಿಂದ. ಶಾಫ್ಟ್ ಬಿಚ್ಚೋಕೆ, ಗಾಳಿ ತುಂಬಿಸೋಕೆ ಬೇರೆ ಚಾರ್ಜು. ಸಾವಿರ ಡಾಲರ್ ದಾಟೋದು ಮಾಮೂಲು. ಜೊತೆಗೆ ಒಂದು ಸಲ ಟೋ ಮಾಡಿಸಿದ್ದು ಪಾಲಿಸಿಯಲ್ಲಿ ಕ್ಲೇಮ್ ಅಂತ ದಾಖಲಾಗುತ್ತಾ ಅಂತಲೂ ಕೇಳಿ.

ಎಎಎ ಒಳ್ಳೆಯದೇ, ಆದರೆ ಮಾಮೂಲಿ ಮೆಂಬರ್‌ಶಿಪ್ ಕಾರಿಗೆ. ಆರ್‌ವಿ (ಮೋಟರ್ ಹೋಮ್‌ನಂಥ ವಾಸದ ಗಾಡಿ) ಅಂತ ಬೇರೆಯಾಗಿ ಸೇರಿಸಿಕೊಂಡರೆ ಮಾತ್ರ ದೊಡ್ಡ ಗಾಡಿ ಲೆಕ್ಕಕ್ಕೆ ಬರುತ್ತೆ. ಅದರ ಕ್ಲಬ್‌ಗಳು ಪ್ರದೇಶಕ್ಕೊಂದು, ನಿಯಮವೂ ಬೇರೆ ಬೇರೆ. ನಿಮ್ಮ ಅರಿಝೋನಾದ ಕ್ಲಬ್ಬನ್ನೇ ಕೇಳಿ, ನಾನು ಟೆಕ್ಸಾಸಿನದ್ದು ಹೇಳಿ ಪ್ರಯೋಜನವಿಲ್ಲ.

ಗುಡ್ ಸ್ಯಾಮ್, ಕೋಚ್-ನೆಟ್ ಎರಡೂ ಆರ್‌ವಿಗಳಿಗೆಂದೇ ಇರುವವು. ಅಲ್ಲಿ ಟೋಯಿಂಗ್ ಮೈಲಿ ಲೆಕ್ಕದಲ್ಲಿಲ್ಲ, ಹತ್ತಿರದ ಅರ್ಹ ಸರ್ವಿಸ್ ಸೆಂಟರ್ ತನಕ. ಈ ಅರ್ಹ ಅನ್ನೋದನ್ನು ಯಾರು ತೀರ್ಮಾನಿಸ್ತಾರೆ? ಇದನ್ನು ಕೇಳಿಯೇ ಕೇಳಿ. ನಿಮ್ಮದು ಟೂ-ಸ್ಟ್ರೋಕ್ ಡೀಸೆಲ್. ಡೆಟ್ರಾಯಿಟ್‌ನ 71 ಸರಣಿ ಶುರುವಾದದ್ದು 1938ರಲ್ಲಿ, ಒಂದೊಂದು ಸಿಲಿಂಡರ್ 71 ಕ್ಯೂಬಿಕ್ ಇಂಚು. ಗಟ್ಟಿ ಎಂಜಿನ್, ನನಗೆ ಬಹಳ ಇಷ್ಟ. ಆದರೆ ಹೊಸ ಲಾರಿಗಳಲ್ಲಿ ಅದು ಬರೋದು ನಿಂತು ಬಹಳ ಕಾಲವಾಯಿತು. ಆರ್‌ವಿ ಡೀಲರ್ ಹತ್ತಿರ ಇಳಿಸಿ ಹೋದರೆ, ಅಲ್ಲಿನ ಹುಡುಗರು ಅದರ ವಾಲ್ವ್ ಕವರ್ ಕೂಡ ಬಿಚ್ಚಿ ನೋಡಿರೋದಿಲ್ಲ. ನಿಮ್ಮ ದಾರಿಯಲ್ಲಿ ಟೂ-ಸ್ಟ್ರೋಕ್ ಮುಟ್ಟುವ ಟ್ರಕ್ ಗ್ಯಾರೇಜು ಎಲ್ಲೆಲ್ಲಿದೆ ಅಂತ ಈಗಲೇ ಫೋನ್ ಮಾಡಿ ಗುರುತು ಹಾಕಿಕೊಳ್ಳಿ. ಕೆಟ್ಟು ನಿಂತಾಗ ಇಂಥ ಗ್ಯಾರೇಜಿಗೇ ಒಯ್ಯಿರಿ, ಅವರು ತೆಗೆದುಕೊಳ್ಳೋಕೆ ಒಪ್ಪಿದ್ದಾರೆ ಅಂತ ನೀವೇ ಹೇಳಬಹುದು. ಬಾಕಿ ದೂರಕ್ಕೆ ಕೈಯಿಂದ ಕೊಡಬೇಕಾದರೆ ಮೈಲಿಗೆ ಎಷ್ಟು ಅನ್ನೋದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಮರಳಲ್ಲಿ ಹೂತ ಗಾಡಿಯನ್ನು ಮೇಲೆಳೆಯೋದು ಟೋಯಿಂಗ್ ಅಲ್ಲ, ಅದು ರಿಕವರಿ. ಅರಿಝೋನಾದಲ್ಲಿ ಸರ್ಕಾರಿ ಬಯಲಲ್ಲಿ ಬಿಡಾರ ಹೂಡೋದು ಸುಲಭ, ಕ್ವಾರ್ಟ್ಜೈಟ್ ಕಡೆ ಜನವರಿಯಲ್ಲಿ ಎಲ್ಲಿ ನೋಡಿದರೂ ಆರ್‌ವಿ. ಆದರೆ ಟಾರು ರಸ್ತೆಯಿಂದ ಇಂತಿಷ್ಟು ಅಡಿಗಿಂತ ಒಳಗಿದ್ದರೆ ಬರಲ್ಲ ಅಂತ ಬಹಳ ಪ್ಲಾನುಗಳಲ್ಲಿ ಇರುತ್ತೆ. ಆ ಸಾಲನ್ನು ಹುಡುಕಿ ಓದಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಹೈವೇಯಲ್ಲಿ ಅಪಾಯದ ಜಾಗದಲ್ಲಿ ನಿಂತರೆ ಪೊಲೀಸರು ತಮ್ಮ ಸರದಿ ಪಟ್ಟಿಯಲ್ಲಿರುವ ಟೋ ಕಂಪನಿಯನ್ನು ಕರೀತಾರೆ. ನಿಮ್ಮ ಪ್ಲಾನಿನವರು ಬರುವ ತನಕ ಕಾಯಲ್ಲ. ನ್ಯೂಯಾರ್ಕ್ ಥ್ರೂವೇಯಂಥ ಟೋಲ್ ರಸ್ತೆಯಲ್ಲಿ ಅವರು ಒಪ್ಪಿದ ಗ್ಯಾರೇಜಿನವರಿಗೆ ಮಾತ್ರ ಟೋ ಮಾಡಲು ಬಿಡೋದು. ಇಂಥ ಬಿಲ್ ನೀವು ಕೊಟ್ಟು ಆಮೇಲೆ ವಾಪಸ್ ಪಡೀಬಹುದಾ, ಎಷ್ಟು ದಿನದೊಳಗೆ ಕಳಿಸಬೇಕು ಅನ್ನೋದು ಪೇಪರಿನಲ್ಲಿರಬೇಕು.

ಟಯರ್ ವಿಷಯಕ್ಕೆ ಒಂದೇ ಮಾತು. ಸ್ಪೇರ್ ಇಟ್ಟುಕೊಳ್ಳಿ, ರಿಮ್ ಇಲ್ಲದಿದ್ದರೂ ಸರಿ. ಆಳು ಬಂದು ಹಾಕಿಕೊಡೋದಕ್ಕೆ ಮಾತ್ರ ಪ್ಲಾನ್ ದುಡ್ಡು ಕೊಡುತ್ತೆ, ಟಯರಿಗಲ್ಲ. ಮರುಭೂಮಿ ನಡುವೆ ನಿಮ್ಮ ಸೈಜಿನ ಟಯರ್ ಸಿಕ್ಕಿದ ರೇಟಿಗೆ ತೆಗೆದುಕೊಳ್ಳಬೇಕಾಗುತ್ತೆ.

ಡಿಪೋ ಮೆಕ್ಯಾನಿಕ್ (ಹಾಸನ)

ತಂಗೀ, ಇನ್ಶೂರೆನ್ಸ್ ವಿಷಯ ಅಲ್ಲಿಯವರು ಹೇಳಿದ್ದಾರೆ. ನಾನು ಎಳೆಯೋ ವಿಷಯ ಹೇಳ್ತೇನೆ. ಸಾರಿಗೆ ಡಿಪೋದಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಶಿರಾಡಿ ಘಾಟಿಯಲ್ಲಿ ನಿಂತ ಬಸ್ಸುಗಳನ್ನು ಬ್ರೇಕ್‌ಡೌನ್ ವ್ಯಾನ್ ತಗೊಂಡು ಹೋಗಿ ಎಳೆದು ತಂದದ್ದು ಲೆಕ್ಕವಿಲ್ಲ. ದೇಶ ಬೇರೆಯಾದರೂ ಗೇರ್‌ಬಾಕ್ಸಿಗೆ ಎಣ್ಣೆ ಬೇಕೇ ಬೇಕು.

ಎಂಜಿನ್ ಆಫ್ ಮಾಡಿ ಹಿಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆದರೆ ಚಕ್ರ ಶಾಫ್ಟನ್ನು ತಿರುಗಿಸುತ್ತೆ, ಶಾಫ್ಟ್ ಗೇರ್‌ಬಾಕ್ಸನ್ನು ತಿರುಗಿಸುತ್ತೆ. ಆಟೋಮ್ಯಾಟಿಕ್‌ನಲ್ಲಿ ಎಣ್ಣೆ ಪಂಪು ಓಡೋದು ಎಂಜಿನ್‌ನಿಂದ. ಎಂಜಿನ್ ನಿಂತಿದ್ದರೆ ಒಳಗೆ ಎಣ್ಣೆ ಓಡೋದಿಲ್ಲ, ಒಣಗಿಕೊಂಡೇ ತಿರುಗುತ್ತೆ. ನಮ್ಮ ಹಳೇ ಲೇಲ್ಯಾಂಡ್, ಟಾಟಾದ ಕೈಗೇರಿನಲ್ಲೂ ಕೌಂಟರ್ ಶಾಫ್ಟ್ ತಿರುಗದೆ ಎಣ್ಣೆ ಎರಚೋದಿಲ್ಲ. ಅದಕ್ಕೇ ದೂರ ಎಳೆಯೋದಾದರೆ ಶಾಫ್ಟ್ ಬಿಚ್ಚಲೇಬೇಕು. ನಿಮ್ಮದು ಹಿಂದೆ ಎಂಜಿನ್ ಇರೋ ಬಸ್ಸು, ಪ್ರೊಪೆಲ್ಲರ್ ಶಾಫ್ಟ್ ಮೋಟು, ಕೈ ಹೋಗೋದು ಕಷ್ಟ. ಆಕ್ಸಲ್ ಶಾಫ್ಟ್ ತೆಗೆಯೋದು ಸುಲಭ. ಚಕ್ರದ ನಡುವಿನ ಹಬ್ಬಿನ ಸುತ್ತ ಇರೋ ನಟ್ಟು ಬಿಚ್ಚಿ, ಫ್ಲ್ಯಾಂಜ್ ನಡುವೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ ಕೋನ್ ಸಡಿಲಾಗಿ ಹೊರಗೆ ಬರುತ್ತೆ. ಆಮೇಲೆ ಶಾಫ್ಟನ್ನು ನೆಟ್ಟಗೆ ಎಳೆದುಕೊಳ್ಳಿ. ಎಣ್ಣೆ ಸೋರುತ್ತೆ, ಕೆಳಗೆ ತಟ್ಟೆ ಇಡಿ. ಹಬ್ಬಿನ ಬಾಯಿಗೆ ದಪ್ಪ ಪ್ಲಾಸ್ಟಿಕ್ ಕಟ್ಟಿ ಮುಚ್ಚಿ, ಇಲ್ಲದಿದ್ದರೆ ಧೂಳು ಬೇರಿಂಗಿಗೆ ಹೋಗುತ್ತೆ. ಎಡ ಯಾವುದು ಬಲ ಯಾವುದು ಅಂತ ಸೀಮೆಸುಣ್ಣದಲ್ಲಿ ಬರೆದಿಡಿ.

ಇನ್ನು ಗಾಳಿ. ಏರ್ ಇಳಿದರೆ ಹಿಂದಿನ ಬ್ರೇಕ್ ತಾನಾಗಿ ಲಾಕ್ ಆಗುತ್ತೆ. ಎಳೆಯೋ ಗಾಡಿಯಿಂದ ಪೈಪ್ ಹಾಕಿ ಗಾಳಿ ಕೊಡಬೇಕು, ಇಲ್ಲಾ ಬ್ರೇಕ್ ಚೇಂಬರಿನ ಬೋಲ್ಟ್ ಹಾಕಿ, ಬ್ರೇಕನ್ನು ಹಿಡಿದಿರೋ ಒಳಗಿನ ಸ್ಪ್ರಿಂಗನ್ನು ಹಿಂದಕ್ಕೆ ಕಟ್ಟಬೇಕು. ಆ ಬೋಲ್ಟ್ ಬಸ್ಸಿನಲ್ಲೇ ಇರಲಿ. ಚೇಂಬರಿನ ಕ್ಲ್ಯಾಂಪ್ ಮಾತ್ರ ಯಾರೂ ಬಿಚ್ಚಕೂಡದು. ಒಳಗಿನ ಸ್ಪ್ರಿಂಗ್ ಹಾರಿ ಬಡಿದರೆ ಜೀವ ಹೋಗುತ್ತೆ. ಬಸ್ಸಿಗೆ ಬೆಲ್ಲೋಸ್ (ಗಾಳಿ ಚೀಲದ) ಸಸ್ಪೆನ್ಷನ್ ಇದ್ದರೆ ಗಾಳಿ ಹೋದಾಗ ಬಾಡಿ ಕೆಳಗೆ ಕೂರುತ್ತೆ. ಮರದ ದಿಮ್ಮಿ ಕೊಡದೆ ಅಡಿಗೆ ಹೋಗಬೇಡಿ, ನಿಮ್ಮ ಯಜಮಾನರಿಗೂ ಇದನ್ನು ಗಟ್ಟಿಯಾಗಿ ಹೇಳಿ.

ನಮ್ಮ ಕಡೆ ನ್ಯಾಷನಲ್ ಹೈವೇಯಲ್ಲಿ 1033ಕ್ಕೆ ಫೋನ್ ಮಾಡಿದರೆ ಕ್ರೇನ್ ಕಳಿಸ್ತಾರೆ, ರಸ್ತೆ ಖಾಲಿ ಮಾಡಿಕೊಡೋಕೆ. ಮುಂದೆ ಗ್ಯಾರೇಜ್ ತನಕ ಒಯ್ಯೋದು ನಮ್ಮ ಜವಾಬ್ದಾರಿ. ಇಲ್ಲಿ ಬಸ್ಸು, ಟೆಂಪೋ ಟ್ರಾವೆಲರ್ ಕ್ಯಾರವಾನ್ ಮಾಡಿಸಿಕೊಂಡವರು ಇದನ್ನೂ ಓದಿಕೊಳ್ಳಲಿ.

ಸಾಗರದವಳು

ಇಬ್ಬರಿಗೂ ತುಂಬ ಥ್ಯಾಂಕ್ಸ್ ಅಣ್ಣ. ಇವತ್ತು ಮೂರು ಕಡೆಗೂ ಇಮೇಲ್ ಕಳಿಸಿದೆ. ಒಬ್ಬರು ಆಗಲೇ ಉತ್ತರ ಕೊಟ್ಟರು, ನಾವೇ ಮಾಡಿದ ಕನ್ವರ್ಷನ್ ಅಂದ ಕೂಡಲೇ ಆಗಲ್ಲ ಅಂದುಬಿಟ್ಟರು. ಈಗಲೇ ಗೊತ್ತಾಗಿದ್ದು ಒಳ್ಳೆಯದಾಯ್ತು. ಇನ್ನೊಬ್ಬರು ಟೈಟಲ್ ಕಾಪಿ, ಬಸ್ಸಿನ ನಾಲ್ಕೂ ಕಡೆಯ ಫೋಟೋ ಕೇಳಿದ್ದಾರೆ.

ನನ್ನ ಗಂಡ ಟಾರ್ಚ್ ಹಿಡಿದು ಡ್ರೈವ್ ಆಕ್ಸಲ್ ಹತ್ತಿರ ಬ್ರೇಕ್ ಚೇಂಬರ್ ನೋಡಿದರು. ಅಣ್ಣ ಹೇಳಿದ ಬೋಲ್ಟ್ ಹಾಕುವ ತೂತು ಕಾಣ್ತಿಲ್ಲ. ಒಂದೊಂದು ಚೇಂಬರಿಗೆ ಮೂರು ಪೈಪ್ ಬಂದಿದೆ. ಇದು ಸರಿಯಿದೆಯಾ?

ಹಳೇಬಸ್ಸು

ಮೂರು ಪೈಪ್ ಅಂದರೆ ಡಿಡಿ3 ಬ್ರೇಕ್. ಹಳೇ ಎಂಸಿಐಗಳಲ್ಲಿ ಬಹಳ ಇದೆ, ಗಾಬರಿ ಬೇಡ. ಅದರಲ್ಲಿ ಆ ದೊಡ್ಡ ಸ್ಪ್ರಿಂಗ್ ಇಲ್ಲ, ಒಳಗಿನ ರೋಲರ್‌ಗಳು ರಾಡನ್ನು ಕಚ್ಚಿ ಹಿಡಿದುಕೊಳ್ಳುತ್ತವೆ. ಹಾಗಾಗಿ ಬೋಲ್ಟ್ ಹಾಕಿ ಬಿಡಿಸುವ ಮಾತೇ ಇಲ್ಲ. ಗಾಳಿ ತುಂಬಬೇಕು, ಪಾರ್ಕಿಂಗ್ ವಾಲ್ವ್ ಬಿಡಬೇಕು, ಆಮೇಲೆ ಕಾಲಿನ ಬ್ರೇಕನ್ನು ಜೋರಾಗಿ ಒಮ್ಮೆ ಒತ್ತಬೇಕು. ಆಗ ರೋಲರ್ ಬಿಡುತ್ತೆ. ಲಾರಿಗಳನ್ನೇ ಎಳೆದು ರೂಢಿಯಿರುವ ಟೋ ಡ್ರೈವರಿಗೆ ಇದು ಗೊತ್ತಿರೋದು ಅಪರೂಪ. ಬೋಲ್ಟ್ ಹುಡುಕುತ್ತಾ ಕೂತರೆ ಅದಕ್ಕೂ ಗಂಟೆ ಲೆಕ್ಕದಲ್ಲೇ ಬಿಲ್ಲು.

ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ, ಡ್ರೈವರ್ ಸೀಟಿನ ಪಕ್ಕ ಇಡಿ. ಬ್ರೇಕ್ ಡಿಡಿ3, ಬಿಡಿಸುವ ಕ್ರಮ ಹೀಗೆ. ಹೊರಗಿನಿಂದ ಗಾಳಿ ತುಂಬುವ ನಿಪ್ಪಲ್ ಇಂಥ ಕಡೆ ಇದೆ. ಆಕ್ಸಲ್ ಶಾಫ್ಟ್ ತೆಗೆಯದೆ ಎಳೆಯಬೇಡಿ. ಬಂಪರ್ ಹಿಡಿದು ಎತ್ತಬೇಡಿ, ಮುಂದಿನ ಆಕ್ಸಲ್ ಅಡಿಯಿಂದ ಎತ್ತಿ. ನೆಲದಿಂದ ಎಸಿವರೆಗಿನ ಎತ್ತರವನ್ನು ಟೇಪ್ ಹಿಡಿದು ಅಳೆದು ಬರೆಯಿರಿ, ಟ್ರೇಲರ್ ಮೇಲೆ ಹೇರಿದರೆ ಸೇತುವೆ ಅಡಿ ಹೋಗುತ್ತೋ ಇಲ್ಲವೋ ಅವರಿಗೆ ಗೊತ್ತಾಗಬೇಕು.

ಫೋಟೋ ಕೇಳಿದವರು ಒಪ್ಪಿದರೆ ಅವರದ್ದನ್ನೇ ತೆಗೆದುಕೊಳ್ಳಿ. ಆದರೆ ಸಿಆರ್‌ವಿಯೂ ಅದರೊಳಗೆ ಬರುತ್ತಾ ಅಂತ ಮತ್ತೊಂದು ಇಮೇಲ್ ಹಾಕಿ. ಬಸ್ಸನ್ನು ರೆಕ್ಕರ್ ಒಯ್ಯುವಾಗ ಅಮ್ಮನನ್ನು ಕರೆದುಕೊಂಡು ಫ್ಲ್ಯಾಗ್‌ಸ್ಟಾಫ್ ಮುಟ್ಟೋಕೆ ನಿಮಗೆ ಆ ಕಾರೇ ಬೇಕಾಗೋದು.