‘ಮನುಷ್ಯಾವತಾರ’ವೋ ‘ದೇಹಧಾರಣೆ’ಯೋ: ಹಲಗೆಯ ಮೇಲೆ ಬರೆಸಲು ಒಂದು ಪದ ಬೇಕು

ಹಾಸನದಿಂದ:

ಮಾನ್ಯರೇ, ನಮ್ಮ ಊರಿನ ದೇವಾಲಯದ ಕಿಟಕಿಗಳಲ್ಲಿ ಯೇಸುಸ್ವಾಮಿಯ ಬದುಕನ್ನು ತೋರುವ ಬಣ್ಣದ ಗಾಜಿನ ಐದು ಚಿತ್ರಗಳಿವೆ. ಒಂದೊಂದರ ಕೆಳಗೂ ತೇಗದ ಹಲಗೆಯ ಮೇಲೆ ಕನ್ನಡದಲ್ಲಿ ಹೆಸರು ಬರೆಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಜನನ, ಶಿಲುಬೆ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಎಂಬ ನಾಲ್ಕು ಹೆಸರುಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಮೊದಲನೆಯ ಚಿತ್ರಕ್ಕೆ. ಅದರಲ್ಲಿ ಗೋದಲಿಯಿಲ್ಲ, ಮಗುವಿಲ್ಲ. ಮೊಣಕಾಲೂರಿದ ಮರಿಯಮ್ಮನವರ ಮೇಲೆ ಬೆಳಕಿನ ಒಂದು ಕಿರಣ ಬೀಳುತ್ತಿದೆ, ಅಷ್ಟೇ. ಇಂಗ್ಲಿಷಿನಲ್ಲಿ ‘ಇನ್‌ಕಾರ್ನೇಷನ್’ ಎನ್ನುವ, ದೇವಪುತ್ರನು ಮನುಷ್ಯನಾದ ಈ ಘಟನೆಗೆ ನಮ್ಮ ಹಿರಿಯರು ‘ಮನುಷ್ಯಾವತಾರ’ ಎಂದೇ ಹೇಳಿಕೊಂಡು ಬಂದಿದ್ದಾರೆ. ಹೊಸದಾಗಿ ಬಂದ ಕಿರಿಯ ಗುರುಗಳು ‘ಅವತಾರ’ ಬೇಡ, ‘ದೇಹಧಾರಣೆ’ ಎಂದು ಬರೆಸಿ ಎನ್ನುತ್ತಿದ್ದಾರೆ. ಬೋರ್ಡ್ ಬರೆಯುವವರು ಶನಿವಾರ ಬರುತ್ತಾರೆ. ಹಲಗೆಯ ಉದ್ದ ಮೂವತ್ತು ಅಂಗುಲ, ಎತ್ತರ ಐದೇ ಅಂಗುಲ. ಎರಡನೆಯ ಸಾಲಿಗೆ ಜಾಗವಿಲ್ಲ. ದಯವಿಟ್ಟು ಅಷ್ಟರೊಳಗೆ ಒಂದು ಪದವನ್ನು ಸೂಚಿಸಿ ಉಪಕರಿಸಬೇಕು.

ಧಾರವಾಡದಿಂದ:

ಇದರಲ್ಲಿ ಚರ್ಚಿಸುವಂಥದ್ದು ಏನಿದೆಯೋ ತಿಳಿಯದು. ‘ಅವ’ ಉಪಸರ್ಗ, ‘ತೃ’ ಧಾತು. ಇಳಿದು ಬರುವುದು ಅವತಾರ. ಅದೇ ಧಾತುವಿನಿಂದ ‘ತೀರ್ಥ’ ಬಂದಿತು, ನೀರಿಗೆ ಇಳಿಯುವ, ನೀರನ್ನು ದಾಟುವ ಜಾಗವೆಂಬ ಅರ್ಥದಲ್ಲಿ. ಕ್ರೈಸ್ತರು ಪೂಜೆಯಲ್ಲಿ ಹೇಳುವ ವಿಶ್ವಾಸಪ್ರಮಾಣವೂ ದೇವಪುತ್ರನು ಪರಲೋಕದಿಂದ ‘ಇಳಿದುಬಂದನು’ ಎಂದೇ ಹೇಳುತ್ತದೆಯಲ್ಲವೇ? ಧಾತ್ವರ್ಥವೂ ನಂಬಿಕೆಯೂ ಕೂಡಿಬಂದಿರುವ ಇಂಥ ಪದ ಸಿಕ್ಕುವುದೇ ಅಪರೂಪ. ‘ಮನುಷ್ಯಾವತಾರ’ ಎಂದು ಬರೆಸಿರಿ.

ಮಂಗಳೂರಿನಿಂದ:

ಧಾತುವಿನ ಮಾತು ಸರಿ. ಆದರೆ ಓದುವವರು ಧಾತುವನ್ನು ಓದುವುದಿಲ್ಲ, ಪದವನ್ನು ಓದುತ್ತಾರೆ. ನಾನು ಕೆಲವು ವರ್ಷ ದೈವಶಾಸ್ತ್ರ ಓದಿದವನಾದ್ದರಿಂದ ಕಿರಿಯ ಗುರುಗಳ ಅಳುಕು ಎಲ್ಲಿಯದೆಂದು ನನಗೆ ಅರ್ಥವಾಗುತ್ತದೆ. ‘ಅವತಾರ’ ಎಂದೊಡನೆ ಕನ್ನಡಿಗನ ಕಿವಿಗೆ ಹತ್ತು ಅವತಾರಗಳೂ ‘ಸಂಭವಾಮಿ ಯುಗೇ ಯುಗೇ’ ಎಂಬ ಗೀತೆಯ ಮಾತೂ ಕೇಳಿಸುತ್ತವೆ. ಕ್ರೈಸ್ತ ನಂಬಿಕೆಯಲ್ಲಿ ಈ ಘಟನೆ ಒಂದೇ ಒಂದು ಸಲ ನಡೆದದ್ದು. ಮತ್ತೆ ಮರಳಿ ನಡೆಯುವಂಥದ್ದಲ್ಲ. ಆದರೂ ನನಗೆ ಇದು ಚಿಕ್ಕ ತೊಡಕಾಗಿ ತೋರುತ್ತದೆ, ಏಕೆಂದರೆ ಎಣಿಕೆಯನ್ನು ಒಂದು ವಿಶೇಷಣದಿಂದ ತಿದ್ದಬಹುದು.

ದೊಡ್ಡ ತೊಡಕು ದೇಹದ್ದು. ಅವತಾರದ ದೇಹ ಬರೀ ತೋರಿಕೆ ಎಂದು ವೈಷ್ಣವರು ನಂಬುತ್ತಾರೆಂದು ಕೆಲವು ಕ್ರೈಸ್ತ ಬರಹಗಾರರು ಸುಲಭವಾಗಿ ಬರೆದುಬಿಡುತ್ತಾರೆ, ಅದು ತಪ್ಪು. ರಾಮಾನುಜರ ಗೀತಾಭಾಷ್ಯದ ಪ್ರಕಾರ ಆ ದೇಹ ನಿಜವಾದದ್ದೇ. ಆದರೆ ಅದು ಅಪ್ರಾಕೃತ, ಎಂದರೆ ನಮ್ಮ ನಿಮ್ಮ ದೇಹಗಳ ಹಾಗೆ ಪ್ರಕೃತಿಯಿಂದ ಆದದ್ದಲ್ಲ. ಮಧ್ವಮತದಲ್ಲಿಯೂ ಮೂಲರೂಪಕ್ಕೂ ಅವತಾರರೂಪಕ್ಕೂ ಭೇದವಿಲ್ಲ. ಕ್ರೈಸ್ತರು ಹೇಳುವುದು ಇದಕ್ಕೆ ತೀರ ವಿರುದ್ಧವಾದದ್ದು: ಆ ದೇಹ ಪ್ರಾಕೃತವೇ, ಮರಿಯಮ್ಮನವರ ರಕ್ತಮಾಂಸದಿಂದ ಬಂದದ್ದೇ. ‘ವಾಕ್ಯ’ವೆನಿಸಿದ ದೇವಪುತ್ರ ಮಾಂಸವಾದನು ಎನ್ನಲು ಸುವಾರ್ತೆ ಬರೆದ ಯೋವಾನ್ನನು ಬಳಸಿದ ‘ಸಾರ್ಕ್ಸ್’ ಎಂಬ ಗ್ರೀಕ್ ಪದಕ್ಕೆ ‘ಮಾಂಸ’ವೆಂದೇ ಅರ್ಥ, ಲ್ಯಾಟಿನ್ನಿನ ‘ಇನ್‌ಕಾರ್ನಾಷಿಯೋ’ ಕೂಡ ಮಾಂಸ ಎಂಬ ಅರ್ಥದ ‘ಕಾರೋ’ ಪದದಿಂದ ಹುಟ್ಟಿದ್ದು. ‘ದೇಹ’ ಎನ್ನಬಹುದಾಗಿದ್ದಲ್ಲಿ ಅಷ್ಟು ಒರಟಾದ ಪದವನ್ನು ಆತ ಆರಿಸಿಕೊಂಡದ್ದಕ್ಕೆ ಕಾರಣವಿತ್ತು ಎಂದೇ ನನ್ನ ಅನಿಸಿಕೆ. ಯೇಸುವಿಗೆ ದೇಹವಿದ್ದಂತೆ ತೋರಿತೇ ಹೊರತು ನಿಜವಾಗಿ ಇರಲಿಲ್ಲ, ನೋವು ಕೂಡ ತೋರಿಕೆಯೇ ಎನ್ನುವವರು ಬಹಳ ಬೇಗ ಹುಟ್ಟಿಕೊಂಡರು; ಎರಡನೆಯ ಶತಮಾನದ ಮೊದಲ ಭಾಗದಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ತನ್ನ ಪತ್ರಗಳಲ್ಲಿ ಅವರನ್ನು ಖಂಡಿಸಿದ್ದಾನೆ. ಕ್ರಿಸ್ತನು ಒಬ್ಬನೇ ವ್ಯಕ್ತಿ, ಆದರೆ ಪೂರ್ಣ ದೇವನೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದು 451ರಲ್ಲಿ ಕಾಲ್ಸೆಡನ್ನಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಗೆರೆ ಎಳೆದು ಹೇಳಬೇಕಾಗಿ ಬಂದಿತು. ಸುವಾರ್ತೆಗಳಲ್ಲಿ ಆತ ಗೆಳೆಯನ ಸಮಾಧಿಯ ಬಳಿ ಅಳುತ್ತಾನೆ, ಶಿಲುಬೆಯ ಮೇಲೆ ನೀರಡಿಕೆಯೆನ್ನುತ್ತಾನೆ. ಪುನರುತ್ಥಾನವಾದ ಮೇಲೂ ಶಿಷ್ಯರೆದುರಿಗೆ ಸುಟ್ಟ ಮೀನಿನ ತುಂಡನ್ನು ತಿಂದು ತೋರಿಸುತ್ತಾನೆ. ಆ ದೇಹವನ್ನು ಆತ ಎಂದೂ ಬಿಟ್ಟುಹೋಗಲಿಲ್ಲ, ಅದರೊಡನೆಯೇ ಸ್ವರ್ಗಕ್ಕೆ ಏರಿದನು ಎಂಬುದು ನಿಮ್ಮ ಐದನೆಯ ಗಾಜಿನ ಚಿತ್ರದ ಅರ್ಥ. ನಮ್ಮ ಮಾತಿನಲ್ಲಿ ‘ಅವತಾರ ಮುಗಿಯಿತು’ ಎಂಬ ನುಡಿಗಟ್ಟೇ ಇದೆ. ಇಲ್ಲಿ ಮುಗಿಯುವ ಮಾತೇ ಇಲ್ಲ.

ಹಾಗೆಂದು ‘ದೇಹಧಾರಣೆ’ಯೂ ನನಗೆ ಒಪ್ಪಿಗೆಯಿಲ್ಲ. ‘ಧಾರಣೆ’ ಎಂದರೆ ತೊಡುವುದು. ವೇಷಧಾರಣೆ, ಯಜ್ಞೋಪವೀತಧಾರಣೆ ಇದ್ದ ಹಾಗೆ. ತೊಟ್ಟದ್ದನ್ನು ಕಳಚಬಹುದು. ಅವತಾರವನ್ನು ತಪ್ಪಿಸಲು ಹೋಗಿ ಗುರುಗಳು ಅದಕ್ಕಿಂತ ಕೆಟ್ಟ ಹಳ್ಳಕ್ಕೆ ಬಿದ್ದಿದ್ದಾರೆ.

ತುಮಕೂರಿನಿಂದ:

ಎರಡೂ ಸಂಸ್ಕೃತದ ಸರಕು. ‘ಮೈದಾಳಿಕೆ’ ಎನ್ನಿರಿ. ‘ಮೈದಾಳು’, ‘ಮೈವೆತ್ತ’ ಎಂಬ ಮಾತುಗಳು ನಮ್ಮಲ್ಲಿ ಮೊದಲಿನಿಂದಲೂ ಇವೆ. ಒಂದಾದರೂ ಒತ್ತಕ್ಷರವಿಲ್ಲದ ಕಾರಣ ಐದು ಅಂಗುಲದ ಹಲಗೆಗೂ ಅನುಕೂಲ.

ಮೈಸೂರಿನಿಂದ:

‘ಮೈದಾಳಿಕೆ’ ಎಂದು ಬರೆಸಿದರೆ ಭಾನುವಾರ ಪೂಜೆಗೆ ಬಂದ ಅಜ್ಜಿಯೊಬ್ಬರು ಅದನ್ನು ಯಾವುದೋ ಚರ್ಮರೋಗದ ಹೆಸರೆಂದು ತಿಳಿದರೆ ಅವರ ತಪ್ಪಲ್ಲ. ಕ್ರಿಯಾಪದವಾಗಿ ‘ಮೈದಾಳು’ ಬಹಳ ಚೆಲುವಾದದ್ದು. ಅದಕ್ಕೆ ‘ಇಕೆ’ ಹಚ್ಚಿ ನಾಮಪದ ಮಾಡಿದೊಡನೆ ಅದು ಕಾರ್ಖಾನೆಯಿಂದ ಬಂದ ಪದವಾಗುತ್ತದೆ. ಇರಲಿ, ನನ್ನ ಆಕ್ಷೇಪ ತತ್ತ್ವದ್ದು. ತಾವು ಸಂಸ್ಕೃತವನ್ನು ಹೊರಗಟ್ಟಲು ಹೊರಟರೆ ಆ ಐದು ಹಲಗೆಗಳಲ್ಲಿ ಉಳಿಯುವುದೇನು? ‘ಜನನ’, ‘ಮರಣ’, ‘ಪುನರುತ್ಥಾನ’, ‘ಸ್ವರ್ಗಾರೋಹಣ’ ಎಲ್ಲವೂ ಹೋಗಬೇಕು. ಹೊರಗಿನದೆಲ್ಲ ಬೇಡವೆಂದರೆ ‘ಶಿಲುಬೆ’ಯೂ ಹೋಗಬೇಕು; ಅದು ಸಿರಿಯಾಕ್ ಭಾಷೆಯ ‘ಸ್ಲೀವಾ’, ತಮಿಳಿನಲ್ಲಿ ‘ಸಿಲುವೈ’. ‘ಇಗರ್ಜಿ’, ‘ಪಾದ್ರಿ’ ಪೋರ್ಚುಗೀಸರವು. ‘ಕ್ರಿಸ್ತ’ ಎಂಬುದೇ ಗ್ರೀಕ್. ಹೀಬ್ರೂವಿನ ‘ಮೆಸ್ಸೀಯ’ ಎಂಬುದರ ಅನುವಾದ ಅದು, ಎರಡಕ್ಕೂ ‘ಅಭಿಷಿಕ್ತ’ನೆಂದು ಅರ್ಥ. ರಕ್ಷಕನ ಹೆಸರನ್ನೇ ಎರವಲು ತಂದುಕೊಂಡ ಮೇಲೆ ಆತನ ಮೈಗೆ ಮಾತ್ರ ಅಚ್ಚಗನ್ನಡ ಬೇಕೆಂದು ಹಟ ಹಿಡಿಯುವುದು ನನಗೆ ಅರ್ಥವಾಗದು.

ತುಮಕೂರಿನಿಂದ:

ಹೆಸರು ಬೇರೆ, ಪದ ಬೇರೆ. ಇಷ್ಟೂ ತಿಳಿಯದವರೊಡನೆ ವಾದಿಸಲಾರೆ.

ಧಾರವಾಡದಿಂದ:

ಮಂಗಳೂರಿನವರ ಪತ್ರವನ್ನು ಎರಡು ಸಲ ಓದಿದೆ. ಅವರ ಪಾಂಡಿತ್ಯಕ್ಕೆ ನಮಸ್ಕಾರ, ತೀರ್ಮಾನಕ್ಕಲ್ಲ. ಎರವಲು ಬಂದ ಪದ ಹಳೆಯ ಮನೆಯ ಅರ್ಥವನ್ನು ಹೊತ್ತೇ ಬರುತ್ತದೆ. ಹೊಸ ಮನೆಯಲ್ಲಿ ಬಳಸುತ್ತ ಬಳಸುತ್ತ ಅದು ಬದಲಾಗುತ್ತದೆ. ‘ಪಾಪ’, ‘ಕೃಪೆ’, ‘ಆತ್ಮ’ ಈ ಯಾವ ಪದವೂ ಕ್ರೈಸ್ತರಿಗಾಗಿ ಹುಟ್ಟಿದ್ದಲ್ಲ. 1616ರಲ್ಲಿ ಗೋವೆಯ ಕಡೆ ಅಚ್ಚಾದ ಮರಾಠಿ ‘ಕ್ರಿಸ್ತಪುರಾಣ’ದಲ್ಲಿ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸರು ಸ್ವರ್ಗವನ್ನು ವೈಕುಂಠವೆಂದೇ ಕರೆದರು, ಕೃತಿ ಕೆಡಲಿಲ್ಲ. ನಮ್ಮ ಕಿಟೆಲ್ ಸಾಹೇಬರೂ 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಬರೆದಾಗ ಈ ನೆಲದ ಹಾಡಿನ ದಾರಿಯನ್ನೇ ಹಿಡಿದರು. ಅಂಥವರಿಗಿಲ್ಲದ ಮಡಿ ಈಗಿನ ಕಿರಿಯ ಗುರುಗಳಿಗೆ ಏಕೆ?

ಮಂಗಳೂರಿನಿಂದ:

ವೈಕುಂಠ ಇಂದು ಯಾವ ಕ್ರೈಸ್ತನ ಬಾಯಲ್ಲಿದೆ ಎಂದು ತಾವೇ ಹೇಳಬೇಕು. ಆ ಪದ ಬದಲಾಗಲಿಲ್ಲ, ಬಿದ್ದುಹೋಯಿತು. ಇನ್ನು ‘ಅವತಾರ’ ಆಡುಮಾತಿನಲ್ಲಿ ಏನಾಗಿದೆ ಎಂದು ನೋಡೋಣ. ತಲೆ ಬಾಚದೆ ಹೊರಟ ಮಗನನ್ನು ತಾಯಿ ‘ಏನೋ ಇದು ನಿನ್ನ ಅವತಾರ!’ ಎಂದು ಗದರುತ್ತಾಳೆ. ಅಲ್ಲಿ ಅವತಾರವೆಂದರೆ ವೇಷವೇ. ಮೇಲಿನ ತೋರಿಕೆಯಲ್ಲ, ಒಳಗಿನ ನಿಜ ಎಂದು ಸಾರಬೇಕಾದ ಜಾಗಕ್ಕೆ ಈ ಪದವೇ?

ಆದರೆ ಆಕ್ಷೇಪಿಸುತ್ತ ಹೋದರೆ ಪ್ರಶ್ನೆ ಕೇಳಿದವರಿಗೆ ಶನಿವಾರ ಬಂದುಬಿಡುತ್ತದೆ. ತುಮಕೂರಿನವರ ಮತ್ತು ಮೈಸೂರಿನವರ ಜಗಳದಲ್ಲಿ ಒಂದು ಮಾತು ನನಗೆ ಉಪಯೋಗಕ್ಕೆ ಬಂದಿತು: ಕ್ರಿಯಾಪದ ಚೆಲುವಾಗಿದೆ, ನಾಮಪದ ಕೆಟ್ಟಿದೆ ಎಂಬುದು. ಯೋವಾನ್ನನ ಮೂಲದಲ್ಲಿಯೂ ನಾಮಪದವಿಲ್ಲ, ಕ್ರಿಯಾಪದವಿದೆ. ವಾಕ್ಯ ಮಾಂಸ ‘ಆಯಿತು’ ಎನ್ನುತ್ತದೆ ಅದು. ಮುಂದಿನ ಕ್ರಿಯಾಪದ ಇನ್ನೂ ಸೊಗಸಾದದ್ದು; ‘ಎಸ್ಕೇನೋಸೆನ್’ ಎಂದರೆ ಗುಡಾರ ಹಾಕಿದನು. ಕನ್ನಡದಲ್ಲಿ ಅದನ್ನು ‘ವಾಸಮಾಡಿದನು’ ಎನ್ನುವುದಕ್ಕಿಂತ ‘ನಮ್ಮ ನಡುವೆ ಬಿಡಾರ ಹೂಡಿದನು’ ಎಂದರೆ ಮೂಲಕ್ಕೆ ಎಷ್ಟು ಹತ್ತಿರ! ಇದು ನನ್ನ ಹಳೆಯ ಗೀಳು, ಕ್ಷಮಿಸಿ, ಹಲಗೆಗೆ ಹಿಡಿಸುವಂಥದ್ದಲ್ಲ.

ಹಲಗೆಗೆ ನನ್ನ ಸೂಚನೆ ‘ಮನುಷ್ಯರಾದರು’ ಎಂಬ ಒಂದೇ ಪದ. ವಿಶ್ವಾಸಪ್ರಮಾಣದಲ್ಲಿ ಆ ಮಾತು ಬಂದಾಗ ಕಥೋಲಿಕರು ತಲೆ ಬಾಗುತ್ತಾರೆ, ಕ್ರಿಸ್ಮಸ್ ದಿನ ಮೊಣಕಾಲೂರುತ್ತಾರೆ. ಅರ್ಥ ಹೇಳಿಕೊಡಬೇಕಾದ ಪದವಲ್ಲ ಅದು.

ಮೈಸೂರಿನಿಂದ:

ಉಳಿದ ನಾಲ್ಕು ಹಲಗೆಗಳಲ್ಲಿ ನಾಮಪದ, ಒಂದರಲ್ಲಿ ಮಾತ್ರ ಕ್ರಿಯಾಪದ! ಕರ್ತೃಪದವೂ ಇಲ್ಲ. ಮೇಲಾಗಿ ಪ್ರೊಟೆಸ್ಟೆಂಟರ ಹಳೆಯ ಬೈಬಲಿನ ಓದುಗರು ‘ಆತನು’ ಎನ್ನುವವರು, ಕಥೋಲಿಕರು ‘ಅವರು’ ಎನ್ನುವವರು. ಬೇರೆ ಸಭೆಯವರು ಬಂದು ಓದಿದರೆ ಬಹುವಚನ ನೋಡಿ ಯಾರೆಲ್ಲ ಮನುಷ್ಯರಾದರು ಎಂದು ಕೇಳುವುದಿಲ್ಲವೇ?

ಹಾಸನದಿಂದ:

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಬೋರ್ಡ್ ಬರೆಯುವವರು ಬಂದು ಸೀಮೆಸುಣ್ಣದ ದಾರ ಹಿಡಿದು ಗೆರೆ ಹೊಡೆದರು. ಹಿರಿಯರು, ಕಿರಿಯ ಗುರುಗಳು ಇಬ್ಬರೂ ಎದುರಿಗೇ ಇದ್ದರು. ಮೊದಲು ‘ಮನುಷ್ಯಾವತಾರ’ವನ್ನು ಸೀಮೆಸುಣ್ಣದಲ್ಲಿ ಬರೆಸಿ ನೋಡಿದೆವು, ‘ಷ್ಯಾ’ದ ಒತ್ತು ಹಲಗೆಯ ಅಂಚಿಗೆ ತಾಗಿತು. ‘ದೇಹಧಾರಣೆ’ ಚೆನ್ನಾಗಿ ಕೂತಿತು, ಆದರೆ ಮಂಗಳೂರಿನವರ ‘ವೇಷಧಾರಣೆ’ಯ ಮಾತನ್ನು ನಾನು ಓದಿ ಹೇಳಿದಾಗ ಗುರುಗಳೇ ಅದನ್ನು ಒರೆಸಲು ಹೇಳಿದರು. ‘ಮನುಷ್ಯರಾದರು’ ಎಂದು ಬರೆದಾಗ ಒತ್ತಿನ ತೊಂದರೆ ಮತ್ತೆ ಬಂದಿತು. ಬರೆಯುವವರು ಅಕ್ಷರವನ್ನು ಅರ್ಧ ಅಂಗುಲ ಗಿಡ್ಡ ಮಾಡಿ ಕೂಡಿಸಿದರು. ನಾಲ್ಕು ನಾಮಪದಗಳ ನಡುವೆ ಇದೊಂದು ಕ್ರಿಯಾಪದವೇಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನು ಕರ್ತೃಪದದ ಪ್ರಶ್ನೆಯನ್ನು ಎತ್ತಿದಾಗ ಹಿರಿಯರೊಬ್ಬರು ಮೇಲಿನ ಗಾಜಿನ ಕಿರಣದತ್ತ ಬೆರಳು ತೋರಿಸಿದರು. ಬಣ್ಣ ಇನ್ನೂ ಒಣಗಿಲ್ಲ, ಹಲಗೆಯನ್ನು ಗೋಡೆಗೆ ಹಾಕುವುದು ಸೋಮವಾರ.

ತುಮಕೂರಿನಿಂದ:

‘ಮನುಷ್ಯ’ವೂ ಸಂಸ್ಕೃತವೇ. ‘ಆಳಾದರು’ ಎನ್ನಬಹುದಿತ್ತು.

ಮೈಸೂರಿನಿಂದ:

ಎನ್ನಬಹುದಿತ್ತು. ಆಗ ಯಾರ ಮನೆಗೆ ಆಳಾದರು ಎಂದು ಜನ ಕೇಳುತ್ತಿದ್ದರು.

ಮಂಗಳೂರಿನಿಂದ:

ಕೇಳಿದ್ದರೂ ತಪ್ಪಾಗುತ್ತಿರಲಿಲ್ಲ. ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು, ಕ್ರಿಸ್ತನು ದಾಸನ ರೂಪವನ್ನು ತಾಳಿದನೆಂದೇ ಬರೆದಿದ್ದಾನೆ. ಆದರೆ ಹಲಗೆ ಒಣಗುತ್ತಿದೆ, ಅದನ್ನು ಮುಟ್ಟಬೇಡಿ.